ಅಂತರ್ಜಾಲದಲ್ಲಿ ಅಂಗಡಿ ತೆರೆಯುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಮತ್ತು ನನ್ನ ನೆಗೆಣ್ಣಿ ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯಲ್ಲೇ ಖಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ (ಚಟ್ನಿ ಪುಡಿಗಳು) ತಯಾರಿಸಿ ಮಾರುತ್ತೇವೆ. ಬೆಂಗಳೂರು, ಪುಣೆ, ಹೈದರಾಬಾದ್‌ಗಳಲ್ಲಿರುವ ನಮ್ಮ ಊರಿನವರು ವಾಟ್ಸ್ಆ್ಯಪ್‌ನಲ್ಲಿ ಕೇಳಿ ತರಿಸಿಕೊಳ್ಳುತ್ತಾರೆ. ಈಗ ನಮ್ಮದೇ ಒಂದು ಆನ್‌ಲೈನ್ ಅಂಗಡಿ ತೆರೆಯಬೇಕೆಂದಿದ್ದೇವೆ. ಜಾಲತಾಣ ಮಾಡಿಕೊಡುವವರು ಹದಿನೈದು ದಿನ ಸಾಕು ಎನ್ನುತ್ತಾರೆ. ಅದಕ್ಕೆ ಮೊದಲು ನಾವು ಏನೇನು ಸಿದ್ಧಮಾಡಿಕೊಳ್ಳಬೇಕು?
— ಓದುಗರು, ಕಲಬುರಗಿ

ಉತ್ತರ: ಹದಿನೈದು ದಿನಗಳಲ್ಲಿ ಜಾಲತಾಣ ಸಿದ್ಧವಾಗಬಹುದು; ಅಂಗಡಿ ಸಿದ್ಧವಾಗಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಇಲ್ಲಿಯವರೆಗೆ ನಿಮ್ಮಿಂದ ರೊಟ್ಟಿ ತರಿಸಿಕೊಂಡವರೆಲ್ಲ ಪರಿಚಯದವರು. ನಾಲ್ಕು ರೊಟ್ಟಿ ಮುರಿದು ಬಂದರೂ ಅವರು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ಎರಡು ದಿನ ತಡವಾದರೂ ಕಾದರು, ಊರಿಗೆ ಬಂದಾಗ ಹಣ ಕೊಟ್ಟು ಲೆಕ್ಕ ಮುಗಿಸಿದರು. ಜಾಲತಾಣದ ಮೂಲಕ ಬರುವವರಿಗೆ ನೀವು ಯಾರೆಂದು ಗೊತ್ತಿಲ್ಲ. ಅವರಿಗೆ ಗೊತ್ತಾಗುವುದು ಬಾಗಿಲಿಗೆ ಬಂದ ಪೆಟ್ಟಿಗೆಯೊಂದೇ. ಆದುದರಿಂದ ಜಾಲತಾಣಕ್ಕೆ ಮುಂಗಡ ಕೊಡುವ ಮೊದಲು, ಗುರುತಿಲ್ಲದ ಒಬ್ಬರ ಮನೆಗೆ ಒಂದು ಪಾರ್ಸೆಲ್ ಮುರಿಯದೆ, ಕೆಡದೆ, ನಿಮಗೂ ನಷ್ಟವಾಗದೆ ತಲುಪುವ ಬಗೆಯನ್ನು ಪೂರ್ತಿಯಾಗಿ ಗೊತ್ತುಮಾಡಿಕೊಳ್ಳಿ ಎಂಬುದೇ ನನ್ನ ಮುಖ್ಯ ಸಲಹೆ. ಉಳಿದ ಮಾತುಗಳೆಲ್ಲ ಇದಕ್ಕೆ ಹೊಂದಿಕೊಂಡೇ ಬರುತ್ತವೆ.

ಮೊದಲು ಪೆಟ್ಟಿಗೆಯ ವಿಚಾರ ನೋಡೋಣ. ಖಾಸಗಿ ಕೊರಿಯರ್‌ನವರು ಸಾಮಾನ್ಯವಾಗಿ ತಕ್ಕಡಿಯ ತೂಕವೊಂದನ್ನೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ಗಳಲ್ಲಿ ಅಳೆದು, ಮೂರನ್ನೂ ಗುಣಿಸಿ, 5,000ದಿಂದ ಭಾಗಿಸಿದರೆ ಬರುವ ಅಂಕಿಯನ್ನು ಗಾತ್ರದ ತೂಕವೆಂದು ಹಿಡಿದು, ನಿಜವಾದ ತೂಕ ಮತ್ತು ಗಾತ್ರದ ತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ ಹಾಕುತ್ತಾರೆ. ಖಡಕ್ ರೊಟ್ಟಿ ಹಗುರವಾದ, ಆದರೆ ಜಾಗ ತಿನ್ನುವ ಪದಾರ್ಥವಾದ್ದರಿಂದ ಈ ಲೆಕ್ಕ ನಿಮಗೆ ಬಹಳ ಮುಖ್ಯ. 30 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರದ ಪೆಟ್ಟಿಗೆಗೆ ಗಾತ್ರದ ತೂಕ 2.7 ಕಿಲೋ ಆಗುತ್ತದೆ. ಒಳಗಿರುವ ರೊಟ್ಟಿ ಒಂದೇ ಕಿಲೋ ಇದ್ದರೂ ನೀವು 2.7 ಕಿಲೋದ ದರವನ್ನೇ ತೆರಬೇಕು. ಅದೇ ರೊಟ್ಟಿಗಳನ್ನು ಸ್ವಲ್ಪ ಚಿಕ್ಕದಾಗಿ, ಒಂಬತ್ತು ಅಂಗುಲದೊಳಗೆ ಬಡಿದು, 25 ಸೆಂ.ಮೀ. ಉದ್ದ-ಅಗಲದ, 10 ಸೆಂ.ಮೀ. ಎತ್ತರದ ಪೆಟ್ಟಿಗೆಯಲ್ಲಿ ಹೊಂದಿಸಿದರೆ ಗಾತ್ರದ ತೂಕ 1.25 ಕಿಲೋಗೆ ಇಳಿಯುತ್ತದೆ. ಜಾತ್ರೆ, ಮದುವೆಗಳಿಗೆ ದೊಡ್ಡ ರೊಟ್ಟಿಯೇ ಚೆನ್ನ. ದೂರದ ಊರಿಗೆ ಕಳಿಸುವ ರೊಟ್ಟಿಯ ಅಳತೆಯನ್ನು ಮಾತ್ರ ಪೆಟ್ಟಿಗೆಯನ್ನು ನೋಡಿಯೇ ನಿರ್ಧರಿಸಬೇಕಾಗುತ್ತದೆ.

ಮುರಿಯುವುದನ್ನು ತಪ್ಪಿಸಲು ಹತ್ತು ಹತ್ತು ರೊಟ್ಟಿಗಳ ಕಟ್ಟು ಮಾಡಿ, ಕಟ್ಟಿನ ಮೇಲೂ ಕೆಳಗೂ ಒಂದೊಂದು ತೆಳ್ಳನೆಯ ರಟ್ಟು ಇಟ್ಟು, ಆಹಾರಕ್ಕೆ ಯೋಗ್ಯವಾದ ಚೀಲದಲ್ಲಿ ಬಿಗಿಯಾಗಿ ಸೀಲ್ ಮಾಡಿ, ಪೆಟ್ಟಿಗೆಯ ಪಕ್ಕಗಳಲ್ಲಿ ಉಳಿಯುವ ಸಂದಿಗೆಲ್ಲ ಕಾಗದ ತುಂಬಿ. ರೊಟ್ಟಿ ಮುರಿಯುವುದು ಹೆಚ್ಚಾಗಿ ಮೇಲಿನ ಭಾರದಿಂದಲ್ಲ, ಒಳಗೆ ಅಲುಗಾಡುವುದರಿಂದ. ಕಟ್ಟಿದ ಪೆಟ್ಟಿಗೆಯನ್ನು ಸೊಂಟದ ಎತ್ತರದಿಂದ ಆರೂ ಬದಿಗಳ ಮೇಲೆ ಒಂದೊಂದು ಸಲ ಬೀಳಿಸಿ, ಬಿಚ್ಚಿ ನೋಡಿ. ದಾರಿಯಲ್ಲಿ ಅದಕ್ಕಿಂತ ಒರಟಾಗಿ ಎಸೆಯುವವರೂ ಇರುತ್ತಾರೆ. ಬಿಸಿ ಪೂರ್ತಿಯಾಗಿ ಆರುವ ಮೊದಲೇ ಸೀಲ್ ಮಾಡಿದರೆ ಒಳಗೆ ಹಬೆ ನಿಂತು ರೊಟ್ಟಿ ಮೆತ್ತಗಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಶೇಂಗಾ ಹಿಂಡಿ ಎಣ್ಣೆ ಬಿಡುವ ಪದಾರ್ಥ. ಬರಿಯ ಕಾಗದದ ಪೊಟ್ಟಣದಲ್ಲಿ ಹಾಕಿದರೆ ಪೆಟ್ಟಿಗೆಯೆಲ್ಲ ಜಿಡ್ಡಾಗುತ್ತದೆ. ಅದಕ್ಕೆ ಒಳಪದರವಿರುವ ಪೌಚ್ ಬಳಸಿ, ಅದನ್ನು ಇನ್ನೊಂದು ಚೀಲದಲ್ಲಿಟ್ಟು, ರೊಟ್ಟಿಯ ಕಟ್ಟಿನಿಂದ ಬೇರೆಯಾಗಿಡಿ.

ಎಷ್ಟು ದಿನ ಬಾಳುತ್ತದೆ ಎಂಬುದನ್ನು ಅಂದಾಜಿನ ಮೇಲೆ ಬರೆಯಬೇಡಿ. ಪ್ರತಿ ಸಲ ತಯಾರಿಸಿದ ಮಾಲಿನಿಂದ ಒಂದೆರಡು ಪೊಟ್ಟಣಗಳನ್ನು ದಿನಾಂಕ ಬರೆದು ತೆಗೆದಿಟ್ಟು, ವಾರಕ್ಕೊಮ್ಮೆ ಬಿಚ್ಚಿ ವಾಸನೆ, ರುಚಿ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದರೆ ಕಮಟು ಯಾವಾಗ ಹತ್ತುತ್ತದೆಂದು ನಿಮಗೇ ತಿಳಿಯುತ್ತದೆ. ನಮ್ಮ ಭಾಗದ ಬೇಸಿಗೆಯಲ್ಲಿ ಶೇಂಗಾದ ಎಣ್ಣೆ ಬೇಗ ಕೆಡುತ್ತದೆ. ಮಾಘ ಮಾಸದಲ್ಲಿ ಬಾಳಿದಷ್ಟು ದಿನ ವೈಶಾಖದಲ್ಲಿ ಬಾಳುವುದಿಲ್ಲ. ಕಡಿಮೆ ಬಾಳಿದ ಕಾಲದ ಲೆಕ್ಕವನ್ನೇ ಪೊಟ್ಟಣದ ಮೇಲೆ ಹಾಕಬೇಕು. ವ್ಯಾಪಾರ ಸ್ವಲ್ಪ ನಿಂತ ಮೇಲೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಇನ್ನು ಕಾಯಿದೆಯ ವಿಚಾರ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ ಮನೆಯಲ್ಲೇ ತಯಾರಿಸಿ ಮಾರುವವರಿಗೂ ಎಫ್‌ಎಸ್‌ಎಸ್‌ಎಐ (ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ) ನೋಂದಣಿ ಅಥವಾ ಪರವಾನಗಿ ಕಡ್ಡಾಯವಾಗಿದೆ. ಅರ್ಜಿಯನ್ನು ಆ ಪ್ರಾಧಿಕಾರದ ಫೋಸ್ಕೋಸ್ ಜಾಲತಾಣದಲ್ಲಿ ನೀವೇ ಹಾಕಬಹುದು. ಮಂಜೂರಾದ ಮೇಲೆ 14 ಅಂಕಿಗಳ ಸಂಖ್ಯೆ ಸಿಗುತ್ತದೆ, ಅದು ಪ್ರತಿ ಪೊಟ್ಟಣದ ಮೇಲೂ ಇರಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಸಣ್ಣ ಪ್ರಮಾಣದ ತಯಾರಕರಿಗೆ ಸುಲಭವಾದ ನೋಂದಣಿ ಸಾಕಾಗುತ್ತದೆ, ಆದರೆ ಇ-ವಾಣಿಜ್ಯ ಎಂಬ ವರ್ಗಕ್ಕೆ ಕೇಂದ್ರ ಪರವಾನಗಿ ಬೇಕಾಗುತ್ತದೆ. ಆದ್ದರಿಂದ ನಿಮ್ಮದೇ ಜಾಲತಾಣದಲ್ಲಿ ನಿಮ್ಮದೇ ಮಾಲು ಮಾರುವ ಉದ್ದೇಶವನ್ನು ಮುಚ್ಚಿಡದೆ, ಅರ್ಜಿ ಹಾಕುವ ಮೊದಲೇ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗಳಿಗೆ ಪತ್ರ ಬರೆದು, ನಿಮಗೆ ಯಾವುದು ಅನ್ವಯಿಸುತ್ತದೆ ಎಂಬ ಉತ್ತರವನ್ನು ಬರಹದಲ್ಲೇ ಪಡೆದುಕೊಳ್ಳಿ. ಬಾಯಿಮಾತಿನ ಭರವಸೆ ಆಮೇಲೆ ಕೆಲಸಕ್ಕೆ ಬರುವುದಿಲ್ಲ.

ಜಿಎಸ್‌ಟಿ ವಿಚಾರದಲ್ಲಿ ನೀವು ಹೆಚ್ಚು ಎಚ್ಚರವಾಗಿರಬೇಕು, ಏಕೆಂದರೆ ನಿಮ್ಮ ಗಿರಾಕಿಗಳು ಮೂರು ರಾಜ್ಯಗಳಲ್ಲಿದ್ದಾರೆ. ಕರ್ನಾಟಕದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿಯ ಅಗತ್ಯ ಬರುವುದಿಲ್ಲ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಆದರೆ ತೆರಿಗೆ ಬೀಳುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ಈ ಮಿತಿ ಲೆಕ್ಕಕ್ಕೆ ಬರುವುದಿಲ್ಲ. ಸಾಮಾನ್ಯ ನಿಯಮದಂತೆ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ರೊಟ್ಟಿ-ಚಪಾತಿಗಳ ಮೇಲಿನ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಗಿದೆ, ಹಿಂಡಿಗೆ ಆ ವಿನಾಯಿತಿ ಇಲ್ಲ. ಹೀಗಾಗಿ ಪುಣೆಗೆ ರೊಟ್ಟಿಯೊಂದನ್ನೇ ಕಳಿಸುವವರ ಲೆಕ್ಕವೇ ಬೇರೆ, ಅದೇ ಪೆಟ್ಟಿಗೆಯಲ್ಲಿ ಕಾಲು ಕಿಲೋ ಶೇಂಗಾ ಹಿಂಡಿಯನ್ನೂ ಇಟ್ಟು ಕಳಿಸುವವರ ಲೆಕ್ಕವೇ ಬೇರೆ. ದೊಡ್ಡ ಮಾರಾಟ ತಾಣಗಳ ಮೂಲಕ ಮಾರುವವರಿಗೂ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ ಸಣ್ಣ ವ್ಯಾಪಾರಿಗಳು ತಮ್ಮ ರಾಜ್ಯದೊಳಗೆ ಮಾತ್ರ ಮಾರುವುದಾದರೆ ಒಂದು ದಾಖಲಾತಿ ಸಂಖ್ಯೆ ಪಡೆದು ನೋಂದಣಿಯಿಲ್ಲದೆ ಮಾರಲು ಅವಕಾಶವಾಗಿದೆ. ಜಿಎಸ್‌ಟಿ ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿಯೂ ಉಚಿತ. ತೆರಿಗೆ ಸಲಹೆಗಾರರ ಬಳಿ ಹೋಗುವಾಗ ನಿಮ್ಮ ಮಾಲಿನ ಪಟ್ಟಿಯನ್ನೂ, ಯಾವ ಊರಿಗೆ ಏನು ಹೋಗುತ್ತದೆ ಎಂಬ ಪಟ್ಟಿಯನ್ನೂ ಒಯ್ಯಿರಿ. ಇವೆರಡೂ ಮುಂದಿದ್ದರೆ ಅವರ ಉತ್ತರ ಸ್ಪಷ್ಟವಾಗಿರುತ್ತದೆ.

ಪೊಟ್ಟಣದ ಮೇಲಿನ ಚೀಟಿಯಲ್ಲಿ ಪದಾರ್ಥದ ಹೆಸರು, ನಿಮ್ಮ ಹೆಸರು ಮತ್ತು ಪೂರ್ತಿ ವಿಳಾಸ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ಮತ್ತು ಬಾಳಿಕೆಯ ದಿನಾಂಕ, ಬ್ಯಾಚ್ ಸಂಖ್ಯೆ, ದೂರು ಹೇಳಲು ಫೋನ್ ಸಂಖ್ಯೆ, ಚೌಕದೊಳಗಿನ ಹಸಿರು ಚುಕ್ಕಿ ಇವೆಲ್ಲ ಇರಬೇಕು; ಹಾಕಿದ ಸಾಮಾನುಗಳನ್ನು ಪ್ರಮಾಣದಲ್ಲಿ ಹೆಚ್ಚಿನದರಿಂದ ಕಡಿಮೆಯ ಕಡೆಗೆ ಬರೆಯಬೇಕು. ಶೇಂಗಾ ಹಿಂಡಿಯ ಮೇಲೆ ಇದರಲ್ಲಿ ಶೇಂಗಾ ಇದೆ ಎಂದು ಪ್ರತ್ಯೇಕವಾಗಿ ಬರೆಯುವುದು ನಮಗೆ ಅನಗತ್ಯವೆನಿಸಬಹುದು. ಆದರೆ ಶೇಂಗಾ ಕೆಲವರಿಗೆ ಪ್ರಾಣಾಪಾಯ ತರುವಷ್ಟು ಒಗ್ಗದ ಪದಾರ್ಥ, ಕಾಯಿದೆಯೂ ಅದನ್ನು ಎತ್ತಿ ಹೇಳಬೇಕೆಂದು ಕೇಳುತ್ತದೆ. ಅದೇ ಒಳಕಲ್ಲಿನಲ್ಲಿ ಅಥವಾ ಮಿಕ್ಸಿಯಲ್ಲಿ ಅಗಸಿ ಹಿಂಡಿಯನ್ನೂ ಕುಟ್ಟುವವರು ಆ ಪೊಟ್ಟಣದ ಮೇಲೂ ಈ ಎಚ್ಚರಿಕೆಯನ್ನು ಹಾಕಿ. ಚೀಟಿಯ ಮುಖ್ಯ ವಿವರಗಳು ಜಾಲತಾಣದ ಪುಟದಲ್ಲೂ ಕಾಣಿಸಬೇಕು.

ಬೆಲೆ ನಿಗದಿ ಮಾಡುವಾಗ ಜೋಳ, ಎಣ್ಣೆ, ಗ್ಯಾಸು, ಕೆಲಸದವರ ಕೂಲಿಯ ಜೊತೆಗೆ ನಿಮ್ಮಿಬ್ಬರ ಕೂಲಿಯನ್ನೂ ಬರೆದುಕೊಳ್ಳಿ. ಮನೆಯ ಹೆಣ್ಣುಮಕ್ಕಳ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ ಬೆಲೆ ಕಟ್ಟುವ ರೂಢಿ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ. ಆ ಬೆಲೆಗೆ ಒಮ್ಮೆ ಮಾರಲು ತೊಡಗಿದರೆ ಆರ್ಡರ್ ಹೆಚ್ಚಾದಂತೆ ಸುಸ್ತು ಹೆಚ್ಚುತ್ತದೆಯೇ ಹೊರತು ಕೈಯಲ್ಲಿ ಹಣ ಉಳಿಯುವುದಿಲ್ಲ. ನಂತರ ಪೆಟ್ಟಿಗೆ, ಪೌಚು, ಟೇಪು, ಚೀಟಿ, ಕೊರಿಯರ್ ದರ, ಮುರಿದು ಹೋದದ್ದಕ್ಕೆ ಬದಲಿ ಕಳಿಸುವ ಖರ್ಚು ಇವನ್ನು ಸೇರಿಸಿ. ಹಣ ಪಡೆಯುವ ಪೇಮೆಂಟ್ ಗೇಟ್‌ವೇ ಸಂಸ್ಥೆಗಳು ಸಾಮಾನ್ಯವಾಗಿ ಶೇ 2ರ ಆಸುಪಾಸಿನಲ್ಲಿ ಶುಲ್ಕ ಹಿಡಿಯುತ್ತವೆ, ಆ ಶುಲ್ಕದ ಮೇಲೆ ಶೇ 18ರ ಜಿಎಸ್‌ಟಿ ಇರುತ್ತದೆ. 500 ರೂಪಾಯಿಯ ಆರ್ಡರಿಗೆ 10 ರೂಪಾಯಿ ಶುಲ್ಕ, 1 ರೂಪಾಯಿ 80 ಪೈಸೆ ತೆರಿಗೆ ಹೋಗಿ ನಿಮ್ಮ ಖಾತೆಗೆ 488 ರೂಪಾಯಿ 20 ಪೈಸೆ ಬರುತ್ತದೆ, ಅದೂ ಒಂದೆರಡು ಕೆಲಸದ ದಿನಗಳ ಮೇಲೆ. ತಲುಪಿದ ಮೇಲೆ ಹಣ ಕೊಡುವ ಪದ್ಧತಿಯನ್ನು ಆರಂಭದಲ್ಲಿ ಇಟ್ಟುಕೊಳ್ಳದಿರುವುದೇ ಲೇಸು. ಬಾಗಿಲಿನಿಂದ ಹಿಂದಕ್ಕೆ ಬಂದ ರೊಟ್ಟಿಯನ್ನು ಮತ್ತೊಬ್ಬರಿಗೆ ಮಾರಲಾಗದು, ಹೋಗುವ ಬರುವ ಎರಡೂ ಖರ್ಚು ನಿಮ್ಮ ಮೇಲೆಯೇ ಬೀಳುತ್ತದೆ.

ಜಾಲತಾಣ ಚಿಕ್ಕದಾಗಿಯೇ ಇರಲಿ, ನಾಲ್ಕೈದು ಪದಾರ್ಥ ಸಾಕು. ಗೇಟ್‌ವೇ ಸಂಸ್ಥೆಯವರು ಒಪ್ಪಿಗೆ ಕೊಡುವ ಮೊದಲು ಪ್ಯಾನ್, ಬ್ಯಾಂಕ್ ಖಾತೆಗಳ ಜೊತೆಗೆ ನಿಬಂಧನೆ, ಗೋಪ್ಯತೆ, ಸಾಗಣೆ, ರದ್ದತಿ ಮತ್ತು ಹಣ ವಾಪಸಾತಿಯ ಪುಟಗಳು ಜಾಲತಾಣದಲ್ಲಿ ಇವೆಯೇ ಎಂದು ನೋಡುತ್ತಾರೆ. ಇವನ್ನು ಬೇರೆಯವರ ತಾಣದಿಂದ ನಕಲು ಮಾಡಬೇಡಿ. ಬಟ್ಟೆ ಅಂಗಡಿಯ ನಿಯಮ ರೊಟ್ಟಿಗೆ ಹೊಂದುವುದಿಲ್ಲ. 2020ರ ಗ್ರಾಹಕ ರಕ್ಷಣಾ ಇ-ವಾಣಿಜ್ಯ ನಿಯಮಗಳಂತೆ ದೂರು ಆಲಿಸುವವರ ಹೆಸರು ಮತ್ತು ಫೋನ್ ತಾಣದಲ್ಲಿರಬೇಕು, ದೂರು ಬಂದದ್ದನ್ನು 48 ಗಂಟೆಗಳೊಳಗೆ ಒಪ್ಪಿಕೊಂಡು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನಿಮ್ಮಿಬ್ಬರಲ್ಲಿ ಒಬ್ಬರು ಆ ಹೊಣೆ ಹೊರಬೇಕಾಗುತ್ತದೆ. ರೊಟ್ಟಿ ಬಡಿಯುವ ಹೊತ್ತಿನಲ್ಲಿ ಫೋನ್ ಯಾರು ಎತ್ತುತ್ತಾರೆ ಎಂಬುದನ್ನು ಈಗಲೇ ಮಾತಾಡಿಕೊಳ್ಳಿ. ಆರ್ಡರ್ ಕೊಟ್ಟವರ ಸಂಖ್ಯೆಗಳನ್ನು ಅವರನ್ನು ಕೇಳದೆ ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಬೇಡಿ.

ದೀಪಾವಳಿಯ ಮುಂದೆ ಅಂಗಡಿ ತೆರೆಯುವ ಆಸೆ ಸಹಜವಾದದ್ದು. ಆದರೆ ಆ ವಾರಗಳಲ್ಲಿ ಕೊರಿಯರ್‌ಗಳೆಲ್ಲ ತುಂಬಿ ತುಳುಕುತ್ತಿರುತ್ತವೆ, ಮೊದಲ ಆರ್ಡರ್‌ಗಳೇ ತಡವಾಗಿ ಹೆಸರು ಕೆಡುತ್ತದೆ. ಗದ್ದಲವಿಲ್ಲದ ತಿಂಗಳಲ್ಲಿ, ಜಾಹೀರಾತು ಇಲ್ಲದೆ, ಮೂರು ಊರುಗಳಲ್ಲಿರುವ ಹಳೆಯ ಗಿರಾಕಿಗಳಿಗೆ ಮಾತ್ರ ಕೊಂಡಿ ಕಳಿಸಿ, ಅವರವರ ಫೋನಿನಿಂದಲೇ ಹಣ ಕಟ್ಟಿ ಆರ್ಡರ್ ಮಾಡುವಂತೆ ಕೇಳಿಕೊಳ್ಳಿ. ಪೆಟ್ಟಿಗೆ ಬಿಚ್ಚಿದಾಗಿನ ಫೋಟೋವನ್ನು ತರಿಸಿಕೊಳ್ಳಿ. ಒಂದು ಆರ್ಡರನ್ನು ಬೇಕೆಂದೇ ರದ್ದುಮಾಡಿಸಿ, ಹಣ ಅವರ ಖಾತೆಗೆ ಮರಳಿ ಬಂದ ದಿನವನ್ನೂ ಬರೆದಿಟ್ಟುಕೊಳ್ಳಿ. ನಾಳೆ ಅಪರಿಚಿತರು ಕೇಳಿದಾಗ ಹೇಳಲು ಉತ್ತರವಿರುತ್ತದೆ.

ಪ್ರಶ್ನೆ: ನಮ್ಮ ಮನೆತನದವರು ಬಿದರಿ ಕೆಲಸ ಮಾಡುತ್ತಾರೆ. ಆನ್‌ಲೈನ್‌ನಲ್ಲಿ ಮಾರಲು ಫೋಟೋ ತೆಗೆದರೆ ಹೂದಾನಿ ಕಪ್ಪು ಮುದ್ದೆಯಂತೆ ಕಾಣುತ್ತದೆ, ಬೆಳ್ಳಿಯ ಕುಸುರಿ ಬರಿಯ ಹೊಳಪಾಗಿ ಬರುತ್ತದೆ. ಭೌಗೋಳಿಕ ಸೂಚಕದ (ಜಿಐ ಟ್ಯಾಗ್) ಗುರುತನ್ನು ನಾವು ಹಾಕಿಕೊಳ್ಳಬಹುದೇ? ಕೊಂಡವರು ಹಿಂದಿರುಗಿಸಿದರೆ ಏನು ಮಾಡುವುದು?
— ಓದುಗರು, ಬೀದರ್

ಉತ್ತರ: ಸತು ಮತ್ತು ಅಲ್ಪ ತಾಮ್ರದ ಎರಕವನ್ನು ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಕುದಿಸಿದಾಗ ಮೈ ಕಪ್ಪಾಗಿ, ಬೆಳ್ಳಿ ಮಾತ್ರ ಬಿಳಿಯಾಗಿ ಉಳಿಯುವುದೇ ನಿಮ್ಮ ಕಲೆಯ ಜೀವ. ಫೋನಿನ ಕ್ಯಾಮೆರಾ ಈ ಎರಡು ಬಣ್ಣಗಳ ನಡುವೆ ತಬ್ಬಿಬ್ಬಾಗುತ್ತದೆ. ಫ್ಲ್ಯಾಶ್ ಹಾಕಬೇಡಿ. ಬೆಳಗಿನ ಹೊತ್ತು ಕಿಟಕಿಗೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿ, ಬೆಳಕು ಪಕ್ಕದಿಂದ ಬೀಳುವಂತೆ ವಸ್ತುವನ್ನಿಟ್ಟು, ಎದುರು ಬದಿಗೆ ಒಂದು ಬಿಳಿ ರಟ್ಟು ನಿಲ್ಲಿಸಿ. ಪರದೆಯ ಮೇಲೆ ಬೆಳ್ಳಿಯ ಭಾಗವನ್ನು ಬೆರಳಿನಿಂದ ಮುಟ್ಟಿ ಬೆಳಕನ್ನು ಸ್ವಲ್ಪ ಇಳಿಸಿದರೆ ಎಳೆ ಎಳೆಯಾಗಿ ಕುಸುರಿ ಕಾಣುತ್ತದೆ. ಇಡೀ ವಸ್ತುವಿನದು, ಹತ್ತಿರದಿಂದ ಕುಸುರಿಯದು, ತಳದ್ದು, ಅಂಗೈಯಲ್ಲಿ ಹಿಡಿದದ್ದು ಹೀಗೆ ಬೇರೆ ಬೇರೆ ಫೋಟೋ ಇರಲಿ. ಹಿಂದಿರುಗಿ ಬರುವ ವಸ್ತುಗಳಲ್ಲಿ ಎಷ್ಟೋ ಸಲ ಕಾರಣ ಗಾತ್ರದ ತಪ್ಪು ಕಲ್ಪನೆಯೇ ಆಗಿರುತ್ತದೆ. ಕೈಯಲ್ಲಿ ಹಿಡಿದ ಫೋಟೋ, ಸೆಂಟಿಮೀಟರ್ ಮತ್ತು ಗ್ರಾಂಗಳ ಲೆಕ್ಕ ಇದ್ದರೆ ಆ ತಕರಾರು ಕಡಿಮೆಯಾಗುತ್ತದೆ.

ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆದರೆ ಬೀದರಿನಲ್ಲಿ ತಯಾರಿಸಿದ ಮಾತ್ರಕ್ಕೆ ಆ ಗುರುತನ್ನು ಹಾಕಿಕೊಳ್ಳುವ ಹಕ್ಕು ತಾನಾಗಿ ಬರುವುದಿಲ್ಲ. 1999ರ ಕಾಯಿದೆಯಂತೆ ಚೆನ್ನೈನಲ್ಲಿರುವ ಭೌಗೋಳಿಕ ಸೂಚಕಗಳ ನೋಂದಣಿ ಕಚೇರಿಯಲ್ಲಿ ಕುಶಲಕರ್ಮಿಯ ಹೆಸರನ್ನು ಅಧಿಕೃತ ಬಳಕೆದಾರರೆಂದು ಸೇರಿಸಿಕೊಳ್ಳಬೇಕು. ಮೊದಲು ಆ ಕೆಲಸ ಮಾಡಿ, ಅನಂತರ ಗುರುತು ಹಾಕಿ. ಬರಿಯ ಕಪ್ಪು ಬಣ್ಣ ಬಳಿದ ಲೋಹದ ವಸ್ತುಗಳೂ ಬಿದರಿಯ ಹೆಸರಿನಲ್ಲಿ ಮಾರಾಟವಾಗುತ್ತಿರುವಾಗ ನಿಮ್ಮ ಮನೆಯ ಕುಶಲಕರ್ಮಿಯ ಹೆಸರು, ಬೆಳ್ಳಿಯ ತಂತಿಯೋ ತಗಡೋ ಎಂಬ ವಿವರ, ಕೆಲಸಕ್ಕೆ ಹಿಡಿದ ದಿನಗಳು ಪುಟದಲ್ಲಿರುವುದು ಬಹಳ ಬೆಲೆಯುಳ್ಳದ್ದು.

ದೋಷವಿದ್ದ, ಮುರಿದ ಅಥವಾ ವಿವರಣೆಗೆ ಹೊಂದದ ವಸ್ತುವನ್ನು ಹಿಂದಕ್ಕೆ ಪಡೆಯಲು ಮಾರುವವರು ನಿರಾಕರಿಸುವಂತಿಲ್ಲ ಎಂದು ಇ-ವಾಣಿಜ್ಯ ನಿಯಮಗಳು ಹೇಳುತ್ತವೆ. ಕೈಕೆಲಸವಾದ್ದರಿಂದ ಒಂದರಂತೆ ಇನ್ನೊಂದು ಇರುವುದಿಲ್ಲವೆಂಬುದನ್ನು ಮೊದಲೇ ಬರೆಯಿರಿ. ಸಾಧ್ಯವಾದರೆ ದೊಡ್ಡ ವಸ್ತುಗಳಿಗೆ ಕಳಿಸುವ ವಸ್ತುವಿನದೇ ಫೋಟೋ ಹಾಕಿ. ಪಾತ್ರೆ ತೊಳೆಯುವ ಪುಡಿ, ಹುಣಿಸೆಹಣ್ಣು ತಾಗಿಸಬಾರದು, ಮೆತ್ತನೆಯ ಬಟ್ಟೆಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಬೇಕು ಎಂಬ ಚೀಟಿಯನ್ನು ಪೆಟ್ಟಿಗೆಯಲ್ಲಿಡಿ. ತಿಳಿಯದೆ ತಿಕ್ಕಿ ಕಪ್ಪು ಕಳೆದುಕೊಂಡವರು ಮಾಲು ಸರಿಯಿಲ್ಲವೆಂದು ನಿಮ್ಮ ಮೇಲೆಯೇ ಹೇಳುತ್ತಾರೆ.

ಪ್ರಶ್ನೆ: ಯಾದಗಿರಿಯಲ್ಲಿ ನಮ್ಮದು ತೊಗರಿಬೇಳೆ ವ್ಯಾಪಾರ. ಜಾಲತಾಣ ಮಾಡುವವರು ಡೊಮೇನ್ ಹೆಸರನ್ನು (ಜಾಲತಾಣದ ವಿಳಾಸವನ್ನು) ತಮ್ಮ ಖಾತೆಯಲ್ಲೇ ಕೊಳ್ಳುತ್ತೇವೆ, ನಿಮಗೆ ತೊಂದರೆ ಬೇಡ ಎನ್ನುತ್ತಾರೆ. ಒಪ್ಪಬಹುದೇ?
— ಓದುಗರು, ಯಾದಗಿರಿ

ಉತ್ತರ: ಒಪ್ಪಬೇಡಿ. ಅವರು ಒಳ್ಳೆಯವರೇ ಇರಬಹುದು, ಆದರೆ ನಾಳೆ ಅವರು ಊರು ಬಿಟ್ಟರೆ, ಕೆಲಸ ಬಿಟ್ಟರೆ, ಅಥವಾ ನವೀಕರಣದ ಹಣ ಕಟ್ಟಲು ಮರೆತರೆ ನಿಮ್ಮ ಅಂಗಡಿಯ ಹೆಸರು ಬೇರೆಯವರ ಪಾಲಾಗುತ್ತದೆ. ಚೀಲದ ಮೇಲೆ ಮುದ್ರಿಸಿದ ವಿಳಾಸವೂ ವ್ಯರ್ಥವಾಗುತ್ತದೆ. ಡೊಮೇನ್, ಹೋಸ್ಟಿಂಗ್ (ತಾಣವನ್ನು ಇರಿಸುವ ಬಾಡಿಗೆ ಜಾಗ), ಪೇಮೆಂಟ್ ಗೇಟ್‌ವೇ, ಕೊರಿಯರ್ ಈ ನಾಲ್ಕರ ಖಾತೆಗಳನ್ನೂ ವ್ಯಾಪಾರಕ್ಕೆಂದೇ ತೆರೆದ ನಿಮ್ಮ ಇಮೇಲ್ ಮತ್ತು ನಿಮ್ಮ ಫೋನ್ ಸಂಖ್ಯೆಯಿಂದ ನೀವೇ ತೆರೆಯಿರಿ. ಕೆಲಸ ಮಾಡುವವರಿಗೆ ಪ್ರತ್ಯೇಕ ಪ್ರವೇಶ ಕೊಡಿ, ಒಟಿಪಿ ಯಾರಿಗೂ ಹೇಳಬೇಡಿ. ತಾಣದ ಸುರಕ್ಷತೆಗೆ ಬೇಕಾದ ಎಸ್‌ಎಸ್‌ಎಲ್ ಪ್ರಮಾಣಪತ್ರವು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯಿಂದ ಉಚಿತವಾಗಿ ಸಿಗುತ್ತದೆ. ಅದಕ್ಕೆಂದು ದೊಡ್ಡ ಮೊತ್ತ ಕೇಳಿದರೆ ಏಕೆಂದು ವಿಚಾರಿಸಿ. ಡೊಮೇನ್ ನಿಮ್ಮ ಹೆಸರಿನಲ್ಲಿರಬೇಕು, ಕೆಲಸ ಮುಗಿದ ದಿನ ಎಲ್ಲ ಪಾಸ್‌ವರ್ಡ್‌ಗಳನ್ನು ಒಪ್ಪಿಸಬೇಕು ಎಂಬ ಎರಡು ಸಾಲುಗಳನ್ನು ಮುಂಗಡದ ರಸೀದಿಯಲ್ಲೇ ಬರೆಸಿಕೊಂಡು ಸಹಿ ಹಾಕಿಸಿ, ಆಮೇಲೆ ಹಣ ಕೊಡಿ.